ನಮ್ಮ ಸ್ಪ್ರೇಯರಿನ ಮೂಗು

ಆಯುಧಪೂಜೆ ಆದಮೇಲೆ ಇವತ್ತೇ ಹೊರಗೆ ತೆಗೆದ ನಮ್ಮ ಹಳೇ ಪೆಟ್ರೋಲ್ ಸ್ಪ್ರೇಯರ್ ಎರಡೆರಡು ನಿಮಿಷಕ್ಕೆ ನಿಲ್ಲುತ್ತಿತ್ತು, ಸ್ನೇಹಿತರೇ. ಆಲೂಗಡ್ಡೆಗೆ ಅಂಗಮಾರಿ ಹತ್ತಿದೆ, ಔಷಧಿ ಇವತ್ತೇ ಹೊಡೆಯಬೇಕು. ಪ್ಲಗ್ ಬದಲಿಸಿದೆ, ಕಾರ್ಬುರೇಟರ್ ತೊಳೆದೆ, ಹಗ್ಗ ಎಳೆದೆಳೆದು ರಟ್ಟೆ ಬಿದ್ದುಹೋಯಿತು. ಕೊನೆಗೆ ಕಟ್ಟಾಯದಿಂದ ಬಂದ ಮೆಕ್ಯಾನಿಕ್ ಟ್ಯಾಂಕಿನ ಮುಚ್ಚಳ ಸಡಿಲಿಸಿದ ಅಷ್ಟೆ, ಇಂಜಿನ್ ನಿಲ್ಲದೆ ಓಡಿತು!

"ಮುಚ್ಚುಳದಾಗೆ ಗಾಳಿ ಆಡೋ ತೂತು ಐತೆ ಸಾ. ಯಾರೋ ಅದುಕ್ಕೇ ಅರಿಸಿನ-ಕುಂಕುಮ ಮೆತ್ತವ್ರೆ. ಗಾಳಿ ಒಳೀಕೆ ಓಗ್ದಿದ್ರೆ ಪೆಟ್ರೋಲ್ ಎಂಗ್ ಇಳೀತದೆ?"

ಪೂಜೆಯ ದಿನ ಮೆತ್ತಿದ್ದು ನಮ್ಮವ್ವ. ಬಗ್ಗಿ ನೋಡಿ ನನ್ನನ್ನೇ ಬೈದಳು: "ನಾನು ಅಣೆ ಅಂತ ಇಕ್ದೆ ಕಣ್ಲಾ. ಅದು ಮೂಗು ಅಂತ ನೀನಾದ್ರೂ ಏಳ್ಬಾರ್ದಾ?"

ಪಿನ್ನು ಚುಚ್ಚಿ ತೂತು ಬಿಡಿಸಿ, ಹೊಲವೆಲ್ಲ ಔಷಧಿ ಹೊಡೆದು ಬಂದೆ. ಹತ್ತು ವರ್ಷದಿಂದ ಈ ಸ್ಪ್ರೇಯರಿನ ಯಜಮಾನ ನಾನು. ಅದಕ್ಕೆ ಮೂಗಿರುವುದು ನನಗೂ ಇವತ್ತೇ ಗೊತ್ತಾಗಿದ್ದು ಅಂತ ಅವ್ವನಿಗೆ ಹೇಳಿಲ್ಲ.