ಕಾಲರಿನ ಅಗುಳು

ಹೊಸ ಅಕ್ಕಿ ಉಣ್ಣುವ ಹಬ್ಬವಾದ ಹೊಸ್ತಿನ ಮರುದಿನ ನನ್ನ ಗಂಡನಿಗೆ ವಾಂತಿ-ಭೇದಿ ಹಿಡಿಯಿತು. ಬೇರೆಯವರಾದರೆ ಗಂಜಿ ತಿಳಿ ಕುಡಿದು ಮಲಗುತ್ತಿದ್ದರು. ಇವರಿಗಿರುವುದು ಎಎಲ್‌ಎಸ್, ಮೈಯ ಸ್ನಾಯುಗಳು ಒಂದೊಂದಾಗಿ ಸೋಲುವ ಕಾಯಿಲೆ. ಕೈಕಾಲು ಹೋಯಿತು, ಮಾತು ಹೋಯಿತು, ಈಗ ನುಂಗುವುದೂ ಕಷ್ಟ. ಹೊಟ್ಟೆಗೆ ಹಾಕಿದ ನಳಿಗೆಯಲ್ಲೇ ಊಟ. ವಾಂತಿ ಬಂದರೆ ತಲೆಯನ್ನು ನಾನೇ ಹೊರಳಿಸಬೇಕು.

ಕುಂದಾಪುರದ ಡಾಕ್ಟರು ಫೋನಿನಲ್ಲಿ, "ಊರಿಗೆಲ್ಲ ಇದೇ ಆಗಿದೆ. ಆದರೆ ಬಾಯಿಗೆ ಏನಾದರೂ ಕೊಟ್ಟಿದ್ದೀರಾ? ಕೊಟ್ಟಿದ್ದರೆ ಶ್ವಾಸಕೋಶಕ್ಕೆ ಇಳಿದಿರಬಹುದು, ಕೂಡಲೇ ಕರೆತನ್ನಿ" ಎಂದರು. ಇಲ್ಲ ಎನ್ನಲು ಹೊರಟವಳು ತಡೆದೆ. ಬೆಳಿಗ್ಗೆ ಬಿಚ್ಚಿದ ಇವರ ಅಂಗಿಯ ಕಾಲರಿನಲ್ಲಿ ಅನ್ನದ ಅಗುಳೊಂದು ಒಣಗಿ ಅಂಟಿತ್ತು. ನಳಿಗೆಗೆ ಹಾಕುವ ಗಂಜಿಯಲ್ಲಿ ಅಗುಳಿರುವುದಿಲ್ಲ.

ಮೊದಲು ಆರೈಕೆಗೆ ಬರುವ ಹೆಂಗಸನ್ನು ಹಿಡಿದೆ. "ನಾ ಎಂತದೂ ಕೊಡ್ಲಿಲ್ಲೆ ಅಕ್ಕ. ನಿನ್ನೆ ಹೊಸ್ತಿಗಂದೇಳಿ ಕಿರಿಮಂಜೇಶ್ವರಕ್ಕೆ ಹೋಯಿದ್ದೆ" ಎಂದಳು. ರಜೆ ಕೊಟ್ಟವಳೇ ನಾನು, ಆದರೂ ಕೇಳಿದ್ದೆ. ಉಳಿದವರು ಅತ್ತೆ. ಅವರು ಬೆಳಿಗ್ಗೆಯಿಂದ ಮಗನ ಕೋಣೆಗೆ ಬಾರದೆ ಅಂಗಳದಲ್ಲಿ ಗುಡಿಸಿದ್ದನ್ನೇ ಗುಡಿಸುತ್ತಿದ್ದರು.

ಒಳಗೆ ಹೋಗಿ ಗಂಡನನ್ನೇ ವಿಚಾರಿಸಿದೆ. ಹೌದಾದರೆ ಕಣ್ಣು ಮೇಲೆತ್ತುತ್ತಾರೆ, ಇಲ್ಲವಾದರೆ ಮುಚ್ಚುತ್ತಾರೆ. "ಹ್ವಾಯ್, ನಿನ್ನೆ ಯಾರಾರೂ ಬಾಯಿಗ್ ಎಂತಾರೂ ಕೊಟ್ರಾ?" ಕಣ್ಣು ಮುಚ್ಚಿದರು. "ಅತ್ತೆ?" ಮುಚ್ಚಿದ ಕಣ್ಣು ತೆರೆಯಲೇ ಇಲ್ಲ. ಇವರಿಗೆ ಮಾತಿದ್ದಾಗಲೂ ಸುಳ್ಳು ಹೇಳಲು ಬರುತ್ತಿರಲಿಲ್ಲ.

ನೆಟ್ಟಗೆ ಅಂಗಳಕ್ಕೆ ಹೋದೆ. "ಅತ್ತೆ, ನೀವೇ ಅಲ್ದಾ?"

ಅವರು ಹಿಡಿಸೂಡಿ ಕೆಳಗಿಟ್ಟರು. ಹೊಸ ಅಕ್ಕಿಯ ಮೊದಲ ಅನ್ನ ಬಾಯಿಗಿಡುವ ಮುಂಚೆ ಚಿಕ್ಕವರು ಹಿರಿಯರನ್ನು ಕೇಳಿಯೇ ಉಣ್ಣುವುದು ನಮ್ಮಲ್ಲಿ ಕ್ರಮ. ನಿನ್ನೆ ಇವರನ್ನೂ ಗಾಲಿಕುರ್ಚಿಯಲ್ಲಿ ಚಾವಡಿಗೆ ತಂದಿದ್ದೆ, ನೋಡಲಿ ಎಂದು ಮಾತ್ರ.

"ಎಲ್ರೂ 'ಹೊಸ್ತ್ ಉಂತೆ' ಅಂದ್ ಕೇಂಡ್ರ್. ಅವ ನನ್ ಮೋರೆಯನ್ನೇ ಕಾಂತಿದ್ದ. ನೀ ಸಾರ್ ತರೂಕೆ ಒಳಗ್ ಹೋದದ್ದೇ, ತಾನೂ ಉಂತೆ ಅಂಬಂಗೆ ಕಣ್ಣ್ ಮೇಲ್ ಮಾಡ್ದ. ಉಣ್ ಮಗಾ ಅಂದೆ. ನಾಕ್ ಅಗ್ಳ್ ನಾಲ್ಗಿ ಮೇಲ್ ಇಟ್ಟೆ. ಅವ್ನನ್ನೊಬ್ಬನ್ನೇ ಬಿಟ್ಟ್ ಉಂಬುದ್ ಹ್ಯಾಂಗೆ?"

ಮೈಯೆಲ್ಲ ಉರಿಯಿತು. ಜಗಳವಾಡಲು ಪುರುಸೊತ್ತಿರಲಿಲ್ಲ, ಕಾರು ಮಾಡಿಕೊಂಡು ಕುಂದಾಪುರಕ್ಕೆ ಓಡಿದೆವು. ಎಕ್ಸ್‌ರೇ ನೋಡಿದ ಡಾಕ್ಟರು ಎದೆಯಲ್ಲಿ ಸದ್ಯ ಏನೂ ಇಲ್ಲ ಎಂದು ಡ್ರಿಪ್ ಹಾಕಿಸಿದರು.

ಸಂಜೆ ವಾಂತಿ ನಿಂತ ಮೇಲೆ ಕಿವಿಯ ಹತ್ತಿರ ಬಾಗಿದೆ. "ನೀವೇ ಕೇಂಡದ್ದಾ?" ಕಣ್ಣು ಮೇಲೆದ್ದವು. "ನಾ ಒಳಗ್ ಹೋಪುದನ್ನೇ ಕಾಯ್ತಿದ್ರಿಯಾ?" ಮತ್ತೆ ಮೇಲೆದ್ದವು, ನಾಚಿಕೆಯಿಲ್ಲದೆ. ಮನೆಯವರನ್ನೆಲ್ಲ ಅನುಮಾನಿಸಿದ್ದೆ. ಬೆರಳೆತ್ತಲಾಗದ ಇವರು ನನ್ನ ಕಣ್ಣು ತಪ್ಪಿಸಿ ಏನಾದರೂ ಮಾಡಿಯಾರು ಎಂದು ಹೊಳೆದೇ ಇರಲಿಲ್ಲ. ಸಿಟ್ಟಿತ್ತು, ಅದಕ್ಕಿಂತ ಹೆಚ್ಚು ಖುಷಿಯಾಗಿತ್ತು.

"ಬಪ್ಪ ವರ್ಷ ನನ್ ಹತ್ರವೇ ಕೇಣಿ, ನಾನೇ ಕೊಡ್ತೆ" ಎಂದೆ.

ಅವರು ಕಣ್ಣು ಮುಚ್ಚಿದರು. ನನ್ನನ್ನು ಕೇಳುವುದಿಲ್ಲ ಎಂದರೋ, ಬರುವ ವರ್ಷ ತಾನಿರುವುದಿಲ್ಲ ಎಂದರೋ, ಬರೀ ನಿದ್ದೆಯೋ. ಎಬ್ಬಿಸಿ ಕೇಳುವ ಧೈರ್ಯ ನನಗಾಗಲಿಲ್ಲ.