ಫಕೀರವ್ವನ ಕೆನ್ನೆ

ಬಂದರಿನ ಪಕ್ಕದ ಸಡಾ ಬಡಾವಣೆಯ ತಗಡಿನ ಮನೆಗಳ ಓಣಿಯಲ್ಲಿ ಮೇ ತಿಂಗಳ ಬಿಸಿಲಿಗೆ ಜಗ್ಗದವಳು ಮುದುಕಿ ಫಕೀರವ್ವ ಒಬ್ಬಳೇ. ತಾಯಂದಿರು ಕೂಲಿಗೆ ಹೋದರೆ ಓಣಿಯ ಕೂಸುಗಳೆಲ್ಲ ಅವಳ ವಶ. ತಗಡಿನ ಮೇಲೆ ಹಸಿ ಗೋಣಿಚೀಲ ಹಾಸುತ್ತಾಳೆ, ಗೇರುಮರದ ನೆರಳಿಗೆ ಸೀರೆಯ ಜೋಲಿ ಕಟ್ಟುತ್ತಾಳೆ. ದೃಷ್ಟಿಯಾದೀತೆಂದು ಯಾರಾದರೂ ಕೂಸಿಗೆ ದಪ್ಪ ಕುಂಚಿಗೆ ಹಾಕಿ ತಂದರೋ, ಮುಗಿಯಿತು. "ಬಿಚ್ಚವ್ವಾ ಮೊದಲ! ಕೂಸನ್ನ ಕುದಿಸಾಕತ್ತೀಯೇನು? ಎದಿಹಾಲು ಕುಡಿಸಿ ಹೋಗು. ನನ್ನ ಕಡೆ ಬೆಳೆದ ಒಂದು ಕೂಸಿಗರ ಬೆವರುಸಾಲಿ ಎದ್ದಿದ್ರ ತೋರಸು!" ಗಳಿಗೆಗೊಮ್ಮೆ ಬಾಗಿ ಪ್ರತಿ ಕೂಸಿನ ಕತ್ತಿಗೂ ಕೆನ್ನೆ ಒತ್ತುತ್ತಾಳೆ. ಅದನ್ನು ಮುದ್ದು ಎಂದುಕೊಂಡು ನಾನೊಮ್ಮೆ ನಕ್ಕೆ. ಆಕೆ ಎರಡೂ ಅಂಗೈಗಳನ್ನು ಮುಂದೆ ಚಾಚಿದಳು. "ಈ ಬಂದರಕ್ಕ ಮೂವತ್ತು ವರ್ಷ ಕಲ್ಲು ಹೊತ್ತ ಕೈರಿ ಇವು. ಬಿಸಿ ಇವಕ್ಕ ತಿಳಿಯಂಗಿಲ್ಲ. ಕೆನ್ನಿಗೆ ತಿಳಿತೈತಿ."