ದೊಡ್ಡಪ್ಪನ ಜೇಬಿನ ತೂಕದ ಕಲ್ಲು

...ಆ ಕಲ್ಲು ಅರ್ಧ ಕಿಲೋದ್ದೇ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ; ಒಂದು ಕಿಲೋದ್ದೂ ಇರಬಹುದು. ಇವತ್ತು ಆನವಟ್ಟಿ ಸಂತೆಯಲ್ಲಿ ಬದನೆಕಾಯಿಯವಳು ತಕ್ಕಡಿಗೆ ಕಬ್ಬಿಣದ ಕಲ್ಲು ಹಾಕಿದಾಗ ಠಣ್ ಎಂದಿತು. ನನ್ನ ನೆನಪು ಅಲ್ಲೇ ಎಡವಿತು.

ದೊಡ್ಡಪ್ಪ ಶಿಕಾರಿಪುರದ ಮಾರುಕಟ್ಟೆಯಲ್ಲಿ ತೂಕ ಮಾಡುತ್ತಿದ್ದವರು. ಆಯುಷ್ಯವಿಡೀ ಮೆಕ್ಕೆಜೋಳದ ಧೂಳು, ಮೇಲೆ ಬೀಡಿ. ಶ್ವಾಸಕೋಶ ಕೆಟ್ಟ ಮೇಲೆ ಆನವಟ್ಟಿಗೆ, ನಮ್ಮ ಮನೆಗೆ ಬಂದರು. ನಾಲ್ಕು ತುತ್ತಿಗೇ ಏದುಸಿರು. ಉಣ್ಣುವುದೂ ಮೂಟೆ ಹೊತ್ತಷ್ಟೇ ಕೆಲಸ. ಶಿಕಾರಿಪುರದ ಡಾಕ್ಟರಮ್ಮ ನನಗೇ ಹೇಳಿದ್ದರು: "ಇನ್ನೂ ಸೊರಗಿದ್ರೆ ಉಸಿರಾಡೋ ಶಕ್ತಿನೇ ಇರಲ್ಲ. ಸ್ವಲ್ಪ ಸ್ವಲ್ಪ, ಆರು ಸಲ ಕೊಡಿ. ಹಾಲು, ಮೊಸರು, ತುಪ್ಪ, ಶೇಂಗಾ." ತಲೆಯಾಡಿಸಿದೆ. ಮನೆಗೆ ಬಂದು ಗಂಜಿ ಕೊಟ್ಟೆ. ಕೆಮ್ಮುವವರಿಗೆ ಮೊಸರು ಹಾಕಿದರೆ ಕಫ ಕಟ್ಟುತ್ತದೆ ಎಂಬುದು ನಮ್ಮಲ್ಲಿ ಡಾಕ್ಟರಿಗಿಂತ ಹಳೆಯ ಮಾತು.

ಮುಂದಿನ ತಿಂಗಳು ತೂಕ ಇಳಿದಿರಲಿಲ್ಲ. ನರ್ಸ್ ಹೊಗಳಿದಳು, ನಾನು ಬೀಗಿದೆ. ವಾಪಸ್ ಬರುವಾಗ ಬಸ್ಸಿನ ಕಂಬಿಗೆ ದೊಡ್ಡಪ್ಪನ ಒಳಜೇಬು ತಾಗಿ ಠಣ್ ಎಂದಿತು. ಮಾರುಕಟ್ಟೆಯಿಂದ ತಂದಿದ್ದ ತೂಕದ ಕಲ್ಲು ತೆಗೆದು ನನ್ನ ಅಂಗೈಯಲ್ಲಿಟ್ಟರು. ತೂಕ ಹೆಚ್ಚಲೆಂದು ನೀರು ಚಿಮುಕಿಸಿ ತಂದ ಮೂಟೆಯನ್ನು ವಾಸನೆಯಲ್ಲೇ ಹಿಡಿಯುತ್ತಿದ್ದ ಮನುಷ್ಯ!

"ಏನ್ ದೊಡ್ಡಪ್ಪ ಇದು?"

"ತೂಕ ಇಳೀತಂದ್ರ ಆ ಡಾಕ್ಟರಮ್ಮ ನಿನಗ ಬೈತಾಳ. ಗಂಜಿ ಸುರುವಿದ್ರ ಯಾವ ಚೀಲ ತುಂಬೀತು, ಹೇಳು?"

ಅಥವಾ "ನನಗ ಅಡ್ಮಿಟ್ ಮಾಡ್ತಾರ" ಎಂದರೋ? ನನಗೆ ಬೈಯುವ ಮಾತನ್ನು ನಾನೇ ಆಮೇಲೆ ಹೊಲಿದುಕೊಂಡಿರಬಹುದು. ಗಂಜಿಯ ಮಾತು ಮಾತ್ರ ಅವರದೇ.

ಅವತ್ತೇ ಮೊಸರನ್ನ ಕಲಸಿದೆ. ಮೂರು ಚಮಚ, ವಿರಾಮ, ಮತ್ತೆ ಮೂರು. ಮಧ್ಯೆ ತುಪ್ಪದಲ್ಲಿ ಕಲಸಿದ ಶೇಂಗಾಪುಡಿ. ಪ್ರತಿ ಕೆಮ್ಮಿಗೂ ನಾನೇ ಅವರನ್ನು ಕೊಲ್ಲುತ್ತಿದ್ದೇನೆ ಅನ್ನಿಸುತ್ತಿತ್ತು.

ತಿಂಗಳಾಯಿತು. ತೂಕದ ಯಂತ್ರ ಹತ್ತುವ ಮೊದಲು ಅವರ ಜೇಬುಗಳನ್ನು ನಾನೇ ತಡಕಿದೆ. ಖಾಲಿ. ಕಲ್ಲು ಮಾರುಕಟ್ಟೆಗೆ ವಾಪಸ್ ಹೋಗಿತ್ತಂತೆ.

"ಏಳ್ನೂರು ಗ್ರಾಂ ಇಳಿದೀರಲ್ರೀ ಅಜ್ಜಾರೆ!" ಎಂದಳು ನರ್ಸ್.

"ಮಾರುಕಟ್ಟೆಯಾಗ ಮಾಡ್ದಂಗ ಚೀಲದ ತೂಕ ಕಳದ್ವಿ ಅನ್ಕೊಳ್ರೀ ತಾಯಿ," ಎಂದು ನನ್ನತ್ತ ನೋಡಿ ನಕ್ಕರು, ಕೆಮ್ಮಿದರು. ಮುಂದಿನ ತೂಕದ ದಿನಕ್ಕೆ ಅವರಿರಲಿಲ್ಲ.

ನೀವೇ ಲೆಕ್ಕ ಹಾಕಿ. ಹಿಂದಿನ ತಿಂಗಳ ತೂಕದಲ್ಲಿ ಕಲ್ಲೂ ಸೇರಿತ್ತು. ಕಲ್ಲು ಒಂದು ಕಿಲೋದ್ದಾಗಿದ್ದರೆ ಮೊಸರನ್ನ ಉಂಡ ಆ ತಿಂಗಳು ಅವರು ನಿಜಕ್ಕೂ ಮುನ್ನೂರು ಗ್ರಾಂ ಏರಿದ್ದರು. ಅರ್ಧ ಕಿಲೋದ್ದಾಗಿದ್ದರೆ ಇನ್ನೂರು ಇಳಿದಿದ್ದರು.

ಬದನೆಕಾಯಿಯವಳ ಅರ್ಧ ಕಿಲೋದ್ದು, ಒಂದು ಕಿಲೋದ್ದು ಎರಡೂ ಕಲ್ಲುಗಳನ್ನು ಕೇಳಿ ಪಡೆದು, ಕಣ್ಣು ಮುಚ್ಚಿ, ಒಂದೊಂದಾಗಿ ಅಂಗೈಯಲ್ಲಿಟ್ಟುಕೊಂಡೆ.

"ಎಂಥದ್ರೀ, ನನ್ನ ತೂಕದ ಮೇಲೆ ಡೌಟಾ?"

ಅವಳ ಮೇಲಲ್ಲ. ಇನ್ನು ಮೇಲೆ ಅರ್ಧ ಕಿಲೋ ಎಂದು ಹೇಳಲಾರೆ. ಒಂದು ಕಿಲೋ ಎನ್ನುವ ಧೈರ್ಯವೂ ಇಲ್ಲ. ನಾನು ಕೊಟ್ಟ ಮೊಸರು ಅವರ ಮೈಗೆ ಹತ್ತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.